ರಕ್ತ ಕೊಡುವ ಮೊದಲು ನುಂಗಿದ ಮಾತ್ರೆ

ಈ ವರ್ಷದ ಫೆಬ್ರವರಿಯ ಮೊದಲ ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ರಾಣೆಬೆನ್ನೂರಿನ ಒಂದು ರಕ್ತ ಸಂಗ್ರಹ ಕೇಂದ್ರದಲ್ಲಿ ನನ್ನ ತಂಗಿಯ ಎಡಗೈಯಿಂದ ರಕ್ತ ತೆಗೆದರು. ಅದಕ್ಕೆ ಎರಡೂವರೆ ಗಂಟೆ ಮೊದಲು, ಬ್ಯಾಡಗಿಯ ತನ್ನ ಮನೆಯಲ್ಲಿ ಅವಳು ಬೆಳಗಿನ ಮಾತ್ರೆ ನುಂಗಿದ್ದಳು. ಅದನ್ನು ರಕ್ತ ಕೊಟ್ಟ ಮೇಲೆ ನುಂಗಬೇಕಿತ್ತು.

ನಡೆದದ್ದು ಇಷ್ಟೇ. ಹೇಳಿದರೆ ಜನ ಇದನ್ನು ತಪ್ಪು ಎಂದು ಎಣಿಸುವುದಿಲ್ಲ, ಅಷ್ಟು ಸಣ್ಣದು. ಹಾಗಾಗಿಯೇ ಬರೆದಿಡುತ್ತಿದ್ದೇನೆ.

ತಂಗಿಗೆ ಮೂವತ್ತೆಂಟು ವರ್ಷ. ಬ್ಯಾಡಗಿಯ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಅವಳ ಗಂಡ, ಅಂದರೆ ನನ್ನ ಭಾವಮೈದುನನದು ಅಲ್ಲೇ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಹೋದ ವರ್ಷ ಅವಳಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾಯಿತು. ಮೊದಲ ಔಷಧಕ್ಕೆ ರೋಗ ಅಡಗಿತು, ಆದರೆ ಮರಳಿ ಬರುವ ಜಾತಿಯದು ಎಂದರು. ಅಕ್ಟೋಬರಿನಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಅವಳ ಅಸ್ಥಿಮಜ್ಜೆಯನ್ನು ಪೂರ್ತಿ ಖಾಲಿ ಮಾಡಿ ನನ್ನದನ್ನು ತುಂಬಿದರು. ನನಗೆ ಐದು ದಿನ ಚುಚ್ಚುಮದ್ದು, ಆಮೇಲೆ ಎರಡೂ ಕೈಗೆ ಸೂಜಿ ಹಾಕಿ ಒಂದು ಯಂತ್ರದ ಪಕ್ಕದಲ್ಲಿ ನಾಲ್ಕು ತಾಸು ಮಲಗಿಸಿದ್ದು, ಅಷ್ಟೇ. ನನ್ನಿಂದ ತೆಗೆದದ್ದು ಒಂದು ಚೀಲದಲ್ಲಿತ್ತು, ಟೊಮ್ಯಾಟೊ ಸಾರಿನ ಬಣ್ಣ. ಅದು ಹನಿಹನಿಯಾಗಿ ಅವಳೊಳಗೆ ಇಳಿಯಿತು.

ಮೂರು ತಿಂಗಳು ಆಸ್ಪತ್ರೆಯ ಎದುರಿನ ಬಾಡಿಗೆ ಕೋಣೆಯಲ್ಲಿದ್ದರು, ತಂಗಿ ಮತ್ತು ಅವ್ವ. ಹಾವೇರಿಯಲ್ಲಿ ಪತ್ರಿಕೆಯ ಕೆಲಸ ನೋಡಿಕೊಂಡು ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಜನವರಿ ಕೊನೆಯಲ್ಲಿ ಊರಿಗೆ ಕಳಿಸುವ ಮುನ್ನ ವೈದ್ಯೆ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ಈಗ ಇವರೊಳಗಿರೋ ಸೆಲ್‌ಗಳು ಅಣ್ಣನವು. ಅವಕ್ಕೆ ಎರಡು ಕೆಲಸ. ಎಲ್ಲಾದರೂ ಕ್ಯಾನ್ಸರ್ ಉಳಿದಿದ್ದರೆ ಹುಡುಕಿ ಕೊಲ್ಲೋದು. ಅದು ನಮಗೆ ಬೇಕು. ಇನ್ನೊಂದು, ಇವರ ಚರ್ಮ, ಕರುಳು, ಲಿವರ್ ನೋಡಿ ಇದು ನಮ್ಮನೆಯದಲ್ಲ ಅಂತ ಹೊಡೆಯೋದು. ಅದು ಬೇಡ. ಈ ಮಾತ್ರೆ ಅವನ್ನ ಹಿಡಿದಿಟ್ಟಿರುತ್ತೆ. ಜಾಸ್ತಿ ಹಿಡಿದರೆ ಎರಡೂ ಕೆಲಸ ನಿಲ್ಲುತ್ತೆ, ಕಾಯಿಲೆ ವಾಪಸ್ ಬರಬಹುದು. ಸಡಿಲ ಬಿಟ್ಟರೆ ಎರಡೂ ಶುರುವಾಗುತ್ತೆ."

ತಂಗಿ ಮಾಸ್ಕಿನ ಒಳಗಿಂದಲೇ ಅಂದಳು, "ಅಂದ್ರ ನಮ್ಮಣ್ಣನ್ನ ನನ್ನೊಳಗ ಗೂಟಕ್ಕ ಕಟ್ಟಿದಂಗಾತಲ್ರಿ. ಹಗ್ಗ ಗಿಡ್ಡ ಆದ್ರ ಮೇಯಂಗಿಲ್ಲ, ಉದ್ದ ಆದ್ರ ಬೆಳಿಗೆ ಬೀಳತಾನ."

ವೈದ್ಯೆ ನಕ್ಕರು. "ಹೌದು, ಹಗ್ಗದ ಅಳತೆ ನಮಗೆ ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತೆ."

"ಸಣ್ಣಾಕಿದ್ದಾಗ ಜಡಿ ಹಿಡದು ಬಡೀತಿದ್ದ ಇಂವ. ಈಗ ಒಳಗ ಹೊಕ್ಕು ಬಡ್ಯಾಕ ಲೈಸನ್ಸ ಕೊಟ್ರಿ," ಎಂದಳು ತಂಗಿ.

ಆರು ಪುಟಗಳ ಒಂದು ಕಡತವನ್ನು ಆಸ್ಪತ್ರೆಯವರು ನನ್ನ ಕೈಗೆ ಕೊಟ್ಟರು. ಎಲ್ಲ ಇಂಗ್ಲಿಷಿನಲ್ಲಿ. ಅವ್ವನಿಗೂ ಭಾವಮೈದುನನಿಗೂ ಅರ್ಥವಾಗಲೆಂದು ನಾನು ಅದನ್ನು ಕನ್ನಡದಲ್ಲಿ ಒಂದೇ ಪುಟಕ್ಕೆ ಇಳಿಸಿ ಬರೆದೆ. ಇಪ್ಪತ್ತೆರಡು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಸುದ್ದಿ ತಿದ್ದುತ್ತ ಕುಳಿತವನಿಗೆ ಅದೇನೂ ದೊಡ್ಡದಲ್ಲ. ಕುದಿಸಿ ಆರಿಸಿದ ನೀರು, ಹಸಿ ಕಾಯಿಪಲ್ಯೆ ಬೇಡ, ನೋಡಲು ಬರುವವರು ಬೇಡ, ಬೆಳಗ್ಗೆ ಏಳೂವರೆ ಮತ್ತು ಸಂಜೆ ಏಳೂವರೆಗೆ ಮಾತ್ರೆ, ಜ್ವರ ಬಂದರೆ ಕೂಡಲೇ ಫೋನ್. ಭಾವಮೈದುನ ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಹಾಕಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ. ಕಡತ ಕಪಾಟಿಗೆ ಹೋಯಿತು.

ರಕ್ತದಲ್ಲಿ ಮಾತ್ರೆಯ ಮಟ್ಟ ನೋಡುವ ಪರೀಕ್ಷೆಗೆ ಬ್ಯಾಡಗಿಯಲ್ಲಿ ವ್ಯವಸ್ಥೆಯಿಲ್ಲ. ಜಿಲ್ಲಾ ಕೇಂದ್ರವಾದ ಹಾವೇರಿಯಲ್ಲಿ ನಾನು ವಿಚಾರಿಸಿದ ಮೂರು ಕಡೆಯೂ ಇಲ್ಲವೆಂದರು. ರಾಣೆಬೆನ್ನೂರಿನಲ್ಲಿ ರಕ್ತ ತೆಗೆಯುತ್ತಾರೆ, ಬಸ್ಸಿನಲ್ಲಿ ಹುಬ್ಬಳ್ಳಿಗೆ ಕಳಿಸುತ್ತಾರೆ, ಹುಬ್ಬಳ್ಳಿಯ ಪ್ರಯೋಗಾಲಯ ಅಂಕಿ ಕೊಡುತ್ತದೆ, ಬೆಂಗಳೂರಿನ ವೈದ್ಯೆ ಆ ಅಂಕಿ ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುತ್ತಾರೆ. ರಕ್ತದ ಸಣ್ಣ ಕೊಳವೆ ಇಷ್ಟು ಊರು ದಾಟುವಾಗ ಅದರ ಜೊತೆ ಹೋಗುವುದು ಒಂದು ಫಾರಂ ಮಾತ್ರ.

ಮೆಣಸಿನಕಾಯಿ ಟೆಂಡರ್ ಇಲ್ಲದ ದಿನವೆಂದು ಭಾವಮೈದುನ ಮಂಗಳವಾರ ಆರಿಸಿಕೊಂಡ. ಹೊರಡುವ ಮುಂಚೆ, ತಂಗಿಯ ಆರೈಕೆಗೆಂದು ಬ್ಯಾಡಗಿಗೇ ಬಂದಿದ್ದ ಅವ್ವ ಬಾಗಿಲಿಗೆ ಅಡ್ಡ ನಿಂತಳು.

"ಹಸದು ಹೊರಗ ಕಾಲಿಡಬ್ಯಾಡ ಯವ್ವಾ. ರಕ್ತ ತಗೋತಾರ, ಕಣ್ಣಿಗೆ ಕತ್ತಲಿ ಬರತೈತಿ. ಎರಡು ಇಡ್ಲಿ ತಿನ್ನು, ಗುಳಿಗಿ ತಗೊ, ಆಮ್ಯಾಲ ಹೋಗು."

ನಮ್ಮ ಮನೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಯಾರೂ ಹೊಸ್ತಿಲು ದಾಟುವುದಿಲ್ಲ. ಪರೀಕ್ಷೆಗೆ, ಕೋರ್ಟಿಗೆ, ಸತ್ತವರ ಮಣ್ಣಿಗೆ ಹೋಗುವಾಗಲೂ ಅವ್ವ ಒಂದು ತುತ್ತಾದರೂ ಬಾಯಿಗೆ ಹಾಕಿಯೇ ಕಳಿಸುತ್ತಾಳೆ. ಅಂದು ಫ್ರಿಜ್ಜಿನ ಮೇಲೆ ಏಳೂವರೆ ಎಂದೂ ಇತ್ತು. ತಂಗಿ ಏಳೂವರೆಗೆ ನುಂಗಿದಳು.

ಶುಕ್ರವಾರ ವರದಿ ಬಂತು. ಮಟ್ಟ ಇರಬೇಕಾದ್ದಕ್ಕಿಂತ ಬಹಳ ಹೆಚ್ಚು. ಹೀಗೆ ಮುಂದುವರಿದರೆ ಕಿಡ್ನಿ ಕೆಡುತ್ತದೆ, ಇವತ್ತಿನಿಂದಲೇ ಮಾತ್ರೆ ಅರ್ಧಕ್ಕೆ ಇಳಿಸಿ ಎಂದು ವೈದ್ಯೆ ಫೋನಿನಲ್ಲಿ ಹೇಳಿದರು. ಎದುರಿಗಿದ್ದ ಅಂಕಿಗೆ ಅದು ಸರಿಯಾದ ನಿರ್ಧಾರ. ನಮಗೆಲ್ಲ ಖುಷಿಯಾಯಿತು.

"ಗುಳಿಗಿ ಕಮ್ಮಿ ಆತಂದ್ರ ಆರಾಮ ಆದಂಗಲ್ರಿ ಅಣ್ಣಾರ?" ಎಂದ ಭಾವಮೈದುನ. ಅವ್ವ ಶೇಂಗಾ ಹೋಳಿಗೆ ಮಾಡಿದಳು. ನಾನೂ ಎರಡು ತಿಂದೆ.

ಒಂಬತ್ತು ದಿನದ ಮೇಲೆ ತಂಗಿಯ ಅಂಗೈ ಕೆಂಪಾಯಿತು. ಆಮೇಲೆ ಕಿವಿಯ ಹಿಂದೆ, ಆಮೇಲೆ ಎದೆ.

ಇದು ಬೇರೆ ಊರಿನಲ್ಲಿ ಆಗಿದ್ದರೆ ಆ ದಿನವೇ ಯಾರಾದರೂ ಗಾಬರಿಯಾಗುತ್ತಿದ್ದರು. ಫೆಬ್ರವರಿಯ ಬ್ಯಾಡಗಿಯಲ್ಲಿ ಕೆಂಪು ಅಂಗೈಗೆ ಯಾರೂ ಗಾಬರಿಯಾಗುವುದಿಲ್ಲ. ಮಾರುಕಟ್ಟೆಗೆ ಮೆಣಸಿನಕಾಯಿ ಬರುವ ಕಾಲ. ಊರಿಗೆ ಊರೇ ಸೀನುತ್ತದೆ. ತೊಟ್ಟು ಬಿಡಿಸುವ ಹೆಂಗಸರು ಸಂಜೆ ಮನೆಗೆ ಬಂದು ಉರಿಯುವ ಕೈಯನ್ನು ಮಜ್ಜಿಗೆಯಲ್ಲಿ ಅದ್ದಿ ಕೂರುತ್ತಾರೆ. ತಂಗಿಯ ಅತ್ತೆ ಅಂಗೈ ತಿರುವಿ ನೋಡಿದರು. "ಘಾಟ ಹತ್ತೇತಿ. ವರ್ಷಾ ಇದ್ದದ್ದ. ಎಣ್ಣಿ ಹಚ್ಚು." ಅವ್ವ ಕೊಬ್ಬರಿ ಎಣ್ಣೆ ಹಚ್ಚಿದಳು.

ಪಕ್ಕದ ಮನೆಯ ಹೆಂಗಸು, ಆಕೆಯೂ ತೊಟ್ಟು ಬಿಡಿಸುವ ಕೆಲಸದವಳೇ, ಕಿಟಕಿಯಾಚೆ ನಿಂತು ಕಿಚಾಯಿಸಿದಳಂತೆ. "ಅಂಗಡಿಯಿಂದ ಬಂದು ಕೈ ತೊಳಕೊಳ್ಳಾರದ ಮುಟ್ಯಾನ ಬಿಡ್ರೆವಾ ನಿಮ್ಮ ಯಜಮಾನ."

"ಮುಟ್ಟಾಕ ಅಪ್ಪಣಿ ಎಲ್ಲೈತ್ರಿ? ಫ್ರಿಜ್ಜಿಗೆ ಹಚ್ಚಿದ ಕಾಗದಾ ನೋಡ್ರಿ, ನಮ್ಮಣ್ಣನ ಕಾನೂನು," ಎಂದು ತಂಗಿ ಅಂದಳಂತೆ. ಎಲ್ಲರೂ ನಕ್ಕರಂತೆ.

ಹೀಗೆ ಎಂಟು ದಿನ ಹೋದವು. ಜ್ವರ ಇರಲಿಲ್ಲ. ಜ್ವರ ಬಂದರೆ ಫೋನ್ ಮಾಡಿ ಎಂದು ನಾನು ಬರೆದಿದ್ದೆ, ಮೈ ಕೆಂಪಾದರೆ ಎಂದು ಬರೆದಿರಲಿಲ್ಲ. ಕಡತದಲ್ಲಿ ಅದೂ ಇತ್ತು. ಅದನ್ನೂ ಸೇರಿಸಿ ಹೇಳಬೇಕಾದದ್ದು ಮುಂದಿದೆ.

ಎಂಟನೆಯ ದಿನ ಮಧ್ಯಾಹ್ನ ತಂಗಿ ಆಫೀಸಿಗೇ ಫೋನ್ ಮಾಡಿದಳು.

"ಅಣ್ಣಾ, ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಅಷ್ಟ, ಖಾರ ಇರಂಗಿಲ್ಲ ಅಂತ ಊರೆಲ್ಲಾ ಸಾರಕೋತ ಅಡ್ಡಾಡತೀವಿ. ನನಗ ಬಿಳೇ ಅನ್ನಾನೂ ಖಾರ ಹತ್ತಾಕತ್ತೇತಿ."

ಪುಟ ಬೇರೆಯವರಿಗೆ ಒಪ್ಪಿಸಿ ಹೊರಟೆ. ಒಂದು ತಾಸಿನೊಳಗೆ ಬ್ಯಾಡಗಿಯಲ್ಲಿದ್ದೆ. ಅವಳ ಬಾಯೊಳಗೆ ಹುಣ್ಣು. ಎದೆ, ಬೆನ್ನು ಸುಟ್ಟಂತೆ ಕೆಂಪು. ಕಣ್ಣಿನ ಬಿಳಿಭಾಗ ಹಳದಿ. ಫೋಟೊ ತೆಗೆದು ವೈದ್ಯೆಗೆ ಕಳಿಸಿದೆ. ಇಪ್ಪತ್ತು ನಿಮಿಷದಲ್ಲಿ ಉತ್ತರ ಬಂತು: ಈಗಲೇ ಹೊರಡಿ.

ಬೆಂಗಳೂರಿನಲ್ಲಿ ಚರ್ಮದ ಚೂರು ತೆಗೆದು ನೋಡಿದರು. ನನ್ನ ಜೀವಕೋಶಗಳು ಅವಳ ಚರ್ಮವನ್ನೂ ಲಿವರನ್ನೂ ಹೊಡೆಯತೊಡಗಿದ್ದವು. ವೈದ್ಯೆ ಹಳೆಯ ವರದಿಯನ್ನು ಮತ್ತೆ ತೆರೆದರು.

"ಈ ಮಟ್ಟ ಒಮ್ಮೆಲೇ ಇಷ್ಟು ಹೇಗೆ ಏರಿತು ಅಂತ ನನಗೆ ಅವತ್ತೇ ಅನ್ನಿಸಿತ್ತು. ಅವತ್ತು ರಕ್ತ ಕೊಡೋ ಮೊದಲು ಮಾತ್ರೆ ತಗೊಂಡಿರಲಿಲ್ಲ ತಾನೆ?"

"ತಗೊಂಡಿದ್ದೆ ರಿ," ಎಂದಳು ತಂಗಿ. "ಏಳೂವರಿಗೆ."

ವೈದ್ಯೆ ವರದಿಯ ಮೇಲೆ ಬೆರಳಿಟ್ಟರು. "ಫಾರಂನಲ್ಲಿ ಕೊನೆಯ ಮಾತ್ರೆ ಹಿಂದಿನ ರಾತ್ರಿ ಒಂಬತ್ತಕ್ಕೆ ಅಂತಿದೆಯಲ್ಲ."

ನುಂಗಿದ ಎರಡು ಮೂರು ತಾಸಿನಲ್ಲಿ ಆ ಮಾತ್ರೆ ರಕ್ತದಲ್ಲಿ ತುದಿ ಮುಟ್ಟಿರುತ್ತದೆ. ಮುಂದಿನ ಮಾತ್ರೆಗೆ ಮುಂಚೆ ಎಷ್ಟು ಉಳಿದಿದೆ ಎಂಬುದೇ ಬೇಕಾದ ಅಂಕಿ. ಅವಳ ಮಟ್ಟ ಹೆಚ್ಚಾಗಿರಲೇ ಇಲ್ಲ. ಸರಿಯಾಗಿದ್ದ ಹಗ್ಗವನ್ನು ನಾವು ಸಡಿಲ ಬಿಟ್ಟಿದ್ದೆವು. ಮಾತ್ರೆಯನ್ನು ಮೊದಲಿನಷ್ಟಕ್ಕೇ ಏರಿಸಿದರು, ಆದರೆ ಈಗ ಹೊಡೆತ ನಿಲ್ಲಿಸಲು ದೊಡ್ಡ ಪ್ರಮಾಣದ ಸ್ಟೀರಾಯ್ಡ್ ಕೂಡ ಕೊಡಬೇಕು. ಅದು ಬಂದರೆ ನನ್ನ ಜೀವಕೋಶಗಳೆಲ್ಲ ಮಂಪರಿಗೆ ಬೀಳುತ್ತವೆ, ಕ್ಯಾನ್ಸರನ್ನು ಕಾಯಬೇಕಾದವೂ ಸೇರಿ. ವೈದ್ಯೆ ಇದನ್ನು ಮುಚ್ಚಿಡಲಿಲ್ಲ. "ಬೇರೆ ದಾರಿ ಇಲ್ಲ. ಮೊದಲ ವಾರ ಬಂದಿದ್ದರೆ ಬರೀ ಕ್ರೀಮಿನಲ್ಲಿ ಮುಗಿಯುತ್ತಿತ್ತೇನೋ," ಎಂದರು.

ಮೂರನೆಯ ದಿನ ನಾನು ರಾಣೆಬೆನ್ನೂರಿಗೆ ಹೋದೆ. ಸಂಗ್ರಹ ಕೇಂದ್ರದಲ್ಲಿದ್ದವರು ಐವತ್ತರ ಆಸುಪಾಸಿನ ಮನುಷ್ಯ, ಕನ್ನಡಕ ಹಣೆಯ ಮೇಲೆ. ಒಳ್ಳೆಯ ಕೈ ಎಂದು ತಂಗಿಯೇ ಹೇಳಿದ್ದಳು, ಸೂಜಿ ಚುಚ್ಚಿದ್ದು ಗೊತ್ತೇ ಆಗುವುದಿಲ್ಲವಂತೆ.

"ಈ ಒಂಬತ್ತು ಗಂಟೆ ಯಾರು ಹೇಳಿದ್ದು?" ಕೇಳಿದೆ.

"ಎಲ್ಲಾರೂ ಅವಾಗ ತಗೋತಾರ್ರಿ ಸರ."

"ನನ್ನ ತಂಗೀನ ಕೇಳಿದ್ರೇನು?"

"ಎಷ್ಟ ಮಂದೀನ ಕೇಳಕೋತ ಕುಂದರೂದ್ರಿ? ಆ ಜಾಗಾ ಖಾಲಿ ಬಿಟ್ರ ಹುಬ್ಬಳ್ಳಿಯವರು ಸ್ಯಾಂಪಲ್ ಹೊಳ್ಳಿ ಕಳಸತಾರ. ನಿಮ್ಮ ಪೇಷಂಟ ಮತ್ತ ಬರಬೇಕು, ಮತ್ತ ಚುಚ್ಚಿಸಿಕೋಬೇಕು. ನಿಮ್ಮ ಸಲುವಾಗಿನ ತುಂಬೇನಿ."

ಅವರೇ ನೋಂದಣಿ ಪುಸ್ತಕ ನನ್ನತ್ತ ತಿರುಗಿಸಿದರು, ಮುಚ್ಚಿಡುವಂಥದೇನೂ ಇಲ್ಲ ಎಂಬ ಹಾಗೆ. ಆ ಅಂಕಣದಲ್ಲಿ ಪುಟದ ಮೇಲಿಂದ ಕೆಳಗಿನವರೆಗೆ ಒಂಬತ್ತು, ಒಂಬತ್ತು, ಒಂಬತ್ತು. ಹಿಂದಿನ ಪುಟದಲ್ಲಿಯೂ ಹಾಗೆಯೇ. ಫಿಟ್ಸ್ ಔಷಧದ ಮಟ್ಟ ನೋಡಿಸಲು ಬಂದವರು, ಕಿಡ್ನಿ ಹಾಕಿಸಿಕೊಂಡವರು, ಎಲ್ಲರೂ ರಾತ್ರಿ ಒಂಬತ್ತಕ್ಕೆ ಮಾತ್ರೆ ನುಂಗಿದವರು. ಒಬ್ಬರನ್ನೂ ಕೇಳಿಲ್ಲ. ಖಾಲಿ ಬಿಟ್ಟ ಜಾಗ ಹುಬ್ಬಳ್ಳಿಯಲ್ಲಿ ಒಬ್ಬರನ್ನಾದರೂ ತಡೆಯುತ್ತಿತ್ತು. ತುಂಬಿದ ಜಾಗ ಯಾರನ್ನೂ ತಡೆಯಲಿಲ್ಲ. ನಾನು ದನಿ ಏರಿಸಿದೆ ಎಂದು ಕಾಣುತ್ತದೆ, ಬೆಂಚಿನ ಮೇಲಿದ್ದವರು ಎದ್ದು ನಿಂತರು.

"ಸಿಟ್ಟ್ಯಾಕ ಮಾಡತೀರಿ ಸರ," ಎಂದರು ಅವರು. "ಗುಳಿಗಿ ತಗೊಳ್ಳಾರದ ಬರ್ರಿ ಅಂತ ಡಾಕ್ಟರ್ ಕಾಗದದಾಗ ಬರದಿರತಾರಲ್ಲ. ಪೇಪರಿನ್ಯಾವ ಅಂತೀರಿ. ಓದಂಗಿಲ್ಲೇನು?"

ಆ ಸಿಟ್ಟನ್ನು ಹೊತ್ತುಕೊಂಡೇ ಬ್ಯಾಡಗಿಗೆ ಹೋಗಿ ಕಪಾಟಿನಿಂದ ಕಡತ ತೆಗೆದೆ. ನಾಲ್ಕನೆಯ ಪುಟ, ಪರೀಕ್ಷೆಗಳ ಪಟ್ಟಿಯ ಕೆಳಗೆ, ಸಣ್ಣ ಅಕ್ಷರದಲ್ಲಿ: ಮಟ್ಟದ ಪರೀಕ್ಷೆಗೆ ರಕ್ತವನ್ನು ಬೆಳಗಿನ ಮಾತ್ರೆಗೆ ಮೊದಲು ಕೊಡಬೇಕು. ಸಾಲಿನ ಎಡಕ್ಕೆ ಪೆನ್ಸಿಲಿನ ಒಂದು ಓರೆಗೀಟು. ಡೆಸ್ಕಿನಲ್ಲಿ ಬಿಡಬೇಕಾದ ಸಾಲಿಗೆ ನಾನು ಹಾಕುವ ಗುರುತು ಅದು. ಅದರ ಕೆಳಗಿನ ಸಾಲಿಗೂ ಇತ್ತು: ಚರ್ಮ ಕೆಂಪಾದರೆ, ಬಾಯಿ ಉರಿದರೆ, ಕಣ್ಣು ಹಳದಿಯಾದರೆ ತಡಮಾಡಬೇಡಿ. ಮೊದಲನೆಯದು ಪ್ರಯೋಗಾಲಯದವರಿಗೆ ಬರೆದದ್ದು, ಮನೆಯವರಿಗಲ್ಲ ಎಂದುಕೊಂಡಿದ್ದೆ. ಎರಡನೆಯದನ್ನು ಬಿಟ್ಟದ್ದು ಒಂದೇ ಪುಟದಲ್ಲಿ ಹಿಡಿಸಬೇಕೆಂದು. ಜಾಗ ಸಾಲದಾಗ ಕೊನೆಯ ಸಾಲುಗಳನ್ನು ಕತ್ತರಿಸುವುದು ನಮ್ಮ ಕಸುಬಿನ ರೂಢಿ.

ಆ ಹೊತ್ತಿಗೆ ಮನೆಯಲ್ಲಿ ತಪ್ಪು ಯಾರದೆಂದು ತೀರ್ಮಾನವಾಗಿತ್ತು. "ತಿನಸಿ ತಿನಸಿ ಮಗಳನ್ನ ಕೆಡಿಸಿದ್ರು," ಎಂದು ತಂಗಿಯ ಅತ್ತೆ ಬಂದವರಿಗೆ ಹೇಳುತ್ತಿದ್ದರು. ಗುತ್ತಲದಿಂದ ಬ್ರೆಡ್ಡು, ಬಾಳೆಹಣ್ಣು ಹಿಡಿದು ಬಂದ ಸಂಬಂಧಿಕರೊಬ್ಬರದು ಇನ್ನೊಂದು ತೀರ್ಮಾನ: ಅಣ್ಣನ ರಕ್ತ ಒಗ್ಗಲಿಲ್ಲ, ಹೆಣ್ಣಿಗೆ ಗಂಡಸಿನ ರಕ್ತ ಹಾಕಬಾರದಿತ್ತು. ನೋಡಲು ಯಾರೂ ಬರಬಾರದು ಎಂದು ಬರೆದ ಕಾಗದದ ಎದುರಿಗೇ ಕುಳಿತು, ರೋಗಿಯೇ ಇಲ್ಲದ ಮನೆಯಲ್ಲಿ, ಚಹಾ ಕುಡಿಯುತ್ತ ಈ ಮಾತು. ಅವ್ವ ನನಗಿಂತ ಒಂದು ದಿನ ಮೊದಲು ಬೆಂಗಳೂರಿನಿಂದ ಬಟ್ಟೆಬರೆ ಒಯ್ಯಲು ಬಂದವಳು ಅಡುಗೆಮನೆಯಿಂದ ಹೊರಗೆ ಬಂದಿರಲಿಲ್ಲ.

ಕಡತ ಹಿಡಿದು ಒಳಗೆ ಹೋದೆ. "ಅವ್ವಾ, ನಿಂದಲ್ಲ ತಪ್ಪು. ಅದನ್ನ ನಾ ಬರೀಲಿಲ್ಲ."

ಅವ್ವ ರೊಟ್ಟಿ ತಟ್ಟುವುದನ್ನು ನಿಲ್ಲಿಸಲಿಲ್ಲ. "ನೀ ಬರದಿದ್ರೂ ನಾ ಹಸದು ಕಳಸತಿದ್ದಿಲ್ಲ, ಬಿಡು ತಮ್ಮಾ," ಎಂದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇಡ್ಲಿ ತಿನಸಿ, ಗುಳಿಗಿ ಕಟ್ಟಿಕೊಟ್ಟು ಕಳಿಸಿದ್ರ ನಡೀತಿತ್ತೇನು?" ಎಂದು ಕೇಳಿದಳು.

ನಡೆಯುತ್ತಿತ್ತು. ಆ ಪ್ರಶ್ನೆಯನ್ನು ಅವಳಿಗೆ ಮೊದಲೇ ಕೇಳುವ ಅವಕಾಶ ಯಾರೂ ಕೊಟ್ಟಿರಲಿಲ್ಲ. ಬೆಂಗಳೂರಿನಲ್ಲಿದ್ದ ಮೂರು ತಿಂಗಳು ನರ್ಸ್ ಬಂದು "ಮೊದಲು ರಕ್ತ, ಆಮೇಲೆ ಮಾತ್ರೆ" ಎನ್ನುತ್ತಿದ್ದಳಂತೆ. ಏಕೆ ಎಂದು ಒಂದು ದಿನವೂ ಹೇಳಲಿಲ್ಲ. ಅದು ಆಸ್ಪತ್ರೆಯ ಪದ್ಧತಿ, ಮನೆಗೆ ಬಂದ ಮೇಲೆ ನಮ್ಮ ಪದ್ಧತಿ ಎಂದು ಅವ್ವ ತಿಳಿದಿದ್ದಳು.

ಮರುದಿನ ಆಸ್ಪತ್ರೆಯಲ್ಲಿ ತಂಗಿಗೆ ಎಲ್ಲವನ್ನೂ ಹೇಳಿದೆ. ಪೆನ್ಸಿಲ್ ಗೀಟನ್ನೂ ತೋರಿಸಿದೆ. ಸ್ಟೀರಾಯ್ಡಿನಿಂದ ಅವಳ ಮುಖ ಊದಿಕೊಳ್ಳತೊಡಗಿತ್ತು. ಕಡತವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿದಳು. ನಾನು, ಅವ್ವ, ಭಾವಮೈದುನ ಮೂವರೂ ನಿಂತಿದ್ದೆವು.

"ನೀವು ನೀವ ತಪ್ಪು ಹಂಚಿಕೊಳ್ಳಾಕತ್ತೀರಿ," ಎಂದಳು. "ಅಂವ ಕೇಳಲಿಲ್ಲ, ನೀ ಬರೀಲಿಲ್ಲ, ಅವ್ವ ತಿನಿಸಿದ್ಳು. ನುಂಗಿದಾಕಿ ನಾನು. ನನಗ ಇಂಗ್ಲಿಷ್ ಓದಾಕ ಬರತೈತಿ, ಐದನೇ ಕ್ಲಾಸಿನ ಹುಡುಗರಿಗೆ ಅದನ್ನ ಕಲಸತೇನಿ. ಈ ಫೈಲ್ ಒಂದ ದಿನಾ ನನ್ನ ಕೈಯಾಗ ಯಾರ ಕೊಟ್ರಿ?"

ಯಾರೂ ಕೊಟ್ಟಿರಲಿಲ್ಲ. ಆಸ್ಪತ್ರೆಯವರು ಅದನ್ನು ರೋಗಿಯ ಜೊತೆಗಿರುವ ಗಂಡಸಿಗೆ ಕೊಟ್ಟರು. ಆ ಗಂಡಸು ಅವ್ವನಿಗೂ ಭಾವಮೈದುನನಿಗೂ ಅನುವಾದ ಮಾಡಿಕೊಟ್ಟ. ಅವಳು ಪಕ್ಕದ ಕುರ್ಚಿಯಲ್ಲೇ ಕುಳಿತಿದ್ದಳು.

ಆ ಪ್ರಶ್ನೆಯನ್ನು ನಾನು ವೈದ್ಯೆಗೂ ಒಪ್ಪಿಸಿದೆ. ಕಾಯಿಲೆಯವರ ಕೈಗೆ ಕೊಟ್ಟರೆ ಹೆದರುತ್ತಾರೆ ಎಂದು ಮನೆಯವರಿಗೆ ಕೊಡುವುದು ರೂಢಿ ಎಂದರು. ಹೆದರುತ್ತಾರೆ ಎಂದು ಯಾರನ್ನು ಕೇಳಿ ತಿಳಿದಿರಿ ಎಂದೆ. ರಾಣೆಬೆನ್ನೂರಿನ ಅಂಕಣದ ಒಂಬತ್ತು ಗಂಟೆಗೂ ಈ ರೂಢಿಗೂ ನನಗೆ ಇವತ್ತಿಗೂ ಅಂತರ ಕಾಣುತ್ತಿಲ್ಲ. ನನ್ನ ಓರೆಗೀಟಿಗೂ ಇವಕ್ಕೂ ಅಂತರವಿಲ್ಲ.

ಮಾರ್ಚ್ ಕೊನೆಗೆ ಚರ್ಮ ತಿಳಿಯಾಯಿತು, ಕಣ್ಣಿನ ಹಳದಿ ಹೋಯಿತು. ಅದೇ ವಾರ ಇನ್ನೊಂದು ಪರೀಕ್ಷೆ ಮಾಡಿದರು. ಅವಳ ಮಜ್ಜೆಯಲ್ಲಿ ಎಷ್ಟು ಪಾಲು ನನ್ನದು, ಎಷ್ಟು ಪಾಲು ಅವಳ ಹಳೆಯದು ಎಂದು ನೋಡುವ ಪರೀಕ್ಷೆ. ಜನವರಿಯಲ್ಲಿ ಪೂರ್ತಿ ನನ್ನದಿತ್ತು. ಈಗ ಅವಳದು ಸ್ವಲ್ಪ ಕಾಣಿಸಿಕೊಂಡಿತ್ತು. ಇದು ರೋಗ ಮರಳಿದ ಗುರುತಲ್ಲ, ಮರಳದು ಎನ್ನುವ ಗುರುತೂ ಅಲ್ಲ ಎಂದರು ವೈದ್ಯೆ. ಸ್ಟೀರಾಯ್ಡನ್ನು ಬೇಗ ಇಳಿಸಿ ನನ್ನ ಜೀವಕೋಶಗಳನ್ನು ಎಬ್ಬಿಸಬೇಕು. ಬಹಳ ಬೇಗ ಇಳಿಸಿದರೆ ಚರ್ಮ ಮತ್ತೆ ಕೆಂಪಾಗುತ್ತದೆ. ಅವಳ ಪಾಲು ಏರುತ್ತಲೇ ಹೋದರೆ ನಾನು ಮತ್ತೊಮ್ಮೆ ಜೀವಕೋಶ ಕೊಡಬೇಕಾಗಬಹುದು, ಆದರೆ ಮೈ ಶಾಂತವಾಗಿರುವ ತನಕ ಅದನ್ನು ಕೊಡುವಂತಿಲ್ಲ.

"ಬರೋದಿದ್ರ ಸರಿಯಾಗಿ ಬಾ," ಎಂದಳು ತಂಗಿ. "ಅರ್ಧ ಮಂದಿ ಮಲಗಿದ್ರ, ಅರ್ಧ ಮಂದಿ ಹೊಡದಾಡಿದ್ರ ನಡಿಯಂಗಿಲ್ಲ."

ಫ್ರಿಜ್ಜಿನ ಮೇಲಿದ್ದ ನನ್ನ ಕಾಗದವನ್ನು ಅವಳು ಕಿತ್ತು ಹಾಕಿದ್ದಾಳೆ. ಅದರ ಜಾಗದಲ್ಲಿ ಅವಳದೇ ಅಕ್ಷರದ ಮೂರು ಹಾಳೆಗಳಿವೆ. ಕಡತ ಅವಳ ದಿಂಬಿನ ಪಕ್ಕದಲ್ಲಿರುತ್ತದೆ.

ಕಳೆದ ಮಂಗಳವಾರ ಬೆಳಗ್ಗೆ ಅವಳು ಎರಡು ಇಡ್ಲಿ ತಿಂದು, ಮಾತ್ರೆಯನ್ನು ಡಬ್ಬಿಯಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೆ ಹೋದಳು. ಫಾರಂ ಕೇಳಿ ತೆಗೆದುಕೊಂಡು ಕೊನೆಯ ಮಾತ್ರೆಯ ಸಮಯವನ್ನು ತಾನೇ ಬರೆದಳು: ಹಿಂದಿನ ಸಂಜೆ ಏಳೂವರೆ. ಹತ್ತು ಗಂಟೆಗೆ ರಕ್ತ ಕೊಟ್ಟಳು, ಹತ್ತೂ ಐದಕ್ಕೆ ಮಾತ್ರೆ ನುಂಗಿದಳು. ಮಟ್ಟದ ವರದಿ ಶುಕ್ರವಾರ ಬಂತು. ಇರಬೇಕಾದ ಮಿತಿಯೊಳಗಿದೆ. ಅವಳ ಮಜ್ಜೆಯಲ್ಲಿ ನನ್ನ ಪಾಲು ಎಷ್ಟು ಉಳಿದಿದೆ ಎಂದು ಮತ್ತೊಮ್ಮೆ ಮಾಡಿಸಿದ ಪರೀಕ್ಷೆಯ ವರದಿ ಬೆಂಗಳೂರಿನಿಂದ ಇನ್ನೂ ಬಂದಿಲ್ಲ.